ಯಾರಿದ್ದಾರೆ ಎಂದು ನೋಡಿ ಕೂಗುವವರು

ಉಗಾಂಡಾದ ಬುಡೊಂಗೊ ಕಾಡಿನಲ್ಲಿ ಒಂದು ಚಿಂಪಾಂಜಿ ಇನ್ನೊಂದರಿಂದ ಪೆಟ್ಟು ತಿಂದರೆ ಕಿರುಚುತ್ತದೆ. ಇದರಲ್ಲಿ ವಿಶೇಷ ಏನೂ ಇಲ್ಲ. ನೋವಾದರೆ ಬಹುತೇಕ ಪ್ರಾಣಿಗಳು ಕಿರುಚುತ್ತವೆ. ಆದರೆ ಕೇಟಿ ಸ್ಲೊಕೊಂಬ್ ಮತ್ತು ಕ್ಲಾಸ್ ಝುಬರ್‌ಬ್ಯೂಲರ್ ಎಂಬ ಇಬ್ಬರು ಸಂಶೋಧಕರು ಈ ಕಿರುಚಾಟಗಳನ್ನು ರೆಕಾರ್ಡ್ ಮಾಡಿ, ಒಂದೊಂದನ್ನೂ ಅಳೆದು, 2007ರಲ್ಲಿ ಒಂದು ಸಂಗತಿ ಬರೆದರು. ಸಣ್ಣ ಗದರಿಕೆಗೆ ಒಂದು ಥರದ ಕೂಗು, ಜೋರು ಹೊಡೆತಕ್ಕೆ ಇನ್ನೊಂದು ಥರದ್ದು. ಇದು ನಿರೀಕ್ಷಿಸಿದ್ದೇ. ನಿರೀಕ್ಷಿಸದೇ ಇದ್ದದ್ದು ಮುಂದಿನದು. ಜೋರು ಹೊಡೆತ ಬೀಳುವಾಗ, ಹೊಡೆಯುವವನಿಗೆ ಸಮನಾದ ಅಥವಾ ಅವನಿಗಿಂತ ಮೇಲಿನ ಸ್ಥಾನದ ಯಾರಾದರೂ ಅಲ್ಲೇ ಹತ್ತಿರದಲ್ಲಿದ್ದರೆ, ಪೆಟ್ಟು ತಿಂದವರು ಬಿದ್ದ ಪೆಟ್ಟಿಗಿಂತ ಹೆಚ್ಚಾಗಿ ಕಿರುಚುತ್ತಾರೆ. ಬಿಡಿಸುವ ತಾಕತ್ತಿರುವವರು ಯಾರೂ ಇಲ್ಲದಿದ್ದರೆ ಆ ಹೆಚ್ಚುವರಿ ಗೋಳಾಟ ಇಲ್ಲ.

ಅಣ್ಣ ಗುದ್ದಿದಾಗ ಅಮ್ಮ ಒಳಗಿದ್ದಾಳೋ ಇಲ್ಲವೋ ಎಂದು ನೋಡಿಕೊಂಡು ಅಳುವ ಮಗುವನ್ನು ನೋಡಿದವರಿಗೆ ಇದು ಹೊಸದಲ್ಲ. ಹೊಸದೆಂದರೆ ಇದು ಚಿಂಪಾಂಜಿಗಳಲ್ಲೂ ಇದೆ ಎಂಬುದು, ಅದೂ ಅಳತೆಗೆ ಸಿಕ್ಕಿದೆ ಎಂಬುದು.

ವಾನರಗಳ, ಅಂದರೆ ಚಿಂಪಾಂಜಿ, ಬೊನೊಬೊ, ಒರಾಂಗುಟಾನ್‌ನಂಥ ಬಾಲವಿಲ್ಲದ ದೊಡ್ಡ ಪ್ರಾಣಿಗಳ, ಮಾತುಕತೆಯ ಬಗ್ಗೆ ಬರುವ ಸುದ್ದಿಗಳಲ್ಲಿ ಸಾಮಾನ್ಯವಾಗಿ ಒಂದೇ ಪ್ರಶ್ನೆ ಇರುತ್ತದೆ. ಅವುಗಳಿಗೆ ಎಷ್ಟು ಪದ ಗೊತ್ತು? ಎಷ್ಟು ಸನ್ನೆ ಇವೆ? ವ್ಯಾಕರಣ ಇದೆಯಾ? ನನಗೂ ಮೊದಮೊದಲು ಈ ಲೆಕ್ಕಗಳೇ ಇಷ್ಟವಾಗುತ್ತಿದ್ದವು. ಓದುತ್ತಾ ಹೋದಂತೆ ಲೆಕ್ಕದ ಮೇಲಿನ ಆಸೆ ಕಡಿಮೆಯಾಯಿತು. ಈಗ ಯಾವ ಹೊಸ ಅಧ್ಯಯನ ಬಂದರೂ ನಾನು ಮೊದಲು ಹುಡುಕುವುದು ಕೂಗಿದವರನ್ನಲ್ಲ, ಕೇಳಿಸಿಕೊಂಡವರನ್ನು. ಅಲ್ಲಿ ಯಾರಿದ್ದರು? ಅವರಿದ್ದದ್ದರಿಂದ ಏನು ಬದಲಾಯಿತು? ಕೂಗುವವನ ತಲೆಯೊಳಗೆ ಏನು ನಡೆಯುತ್ತಿದೆ ಎಂಬುದರ ಸುಳಿವು ಸಿಗುವುದು ಅಲ್ಲೇ ಅಂತ ನನಗನ್ನಿಸುತ್ತದೆ.

ಬಹಳ ಕಾಲ ಹೀಗೆ ಯೋಚಿಸುವವರು ಕಡಿಮೆ ಇದ್ದರು. ವಾನರಗಳ ಕೂಗು ಸೀನು ಬಂದ ಹಾಗೆ ತಾನಾಗಿ ಬರುತ್ತದೆ ಎಂಬ ನಂಬಿಕೆ ಗಟ್ಟಿಯಾಗಿತ್ತು. ಹಣ್ಣು ಕಂಡರೆ ಖುಷಿ, ಖುಷಿಯಾದರೆ ಕೂಗು, ಅಷ್ಟೇ. 1960ರಲ್ಲಿ ತಾಂಜಾನಿಯಾದ ಗೋಂಬೆಗೆ ಹೋಗಿ ಜೀವಮಾನವಿಡೀ ಚಿಂಪಾಂಜಿಗಳನ್ನು ನೋಡಿದ ಜೇನ್ ಗುಡಾಲ್ ಕೂಡ, ತಕ್ಕ ಭಾವನೆ ಇಲ್ಲದೆ ಕೂಗು ಹೊರಡಿಸುವುದು ಚಿಂಪಾಂಜಿಗೆ ಬಹುಮಟ್ಟಿಗೆ ಸಾಧ್ಯವಿಲ್ಲ ಎಂದೇ ಭಾವಿಸಿದ್ದರು. ತಮಾಷೆಯೆಂದರೆ ಇದಕ್ಕೆ ಅಡ್ಡ ಬರುವ ಕಥೆಯನ್ನು ಹೇಳಿದವರೂ ಅವರೇ. ಫಿಗನ್ ಎಂಬ ಹದಿಹರೆಯದ ಗಂಡಿಗೆ ಒಮ್ಮೆ ಬಾಳೆಹಣ್ಣು ಸಿಕ್ಕಿತು. ಖುಷಿಗೆ ಕೂಗಿದ. ದೊಡ್ಡ ಗಂಡುಗಳು ಓಡಿ ಬಂದು ಕಿತ್ತುಕೊಂಡವು. ಇನ್ನೊಮ್ಮೆ ಸಿಕ್ಕಾಗ ಫಿಗನ್ ಸದ್ದು ಮಾಡಲಿಲ್ಲ. ಗಂಟಲಲ್ಲಿ ಮಾತ್ರ ಏನೋ ಸಿಕ್ಕಿಕೊಂಡಂತೆ ಸಣ್ಣ ಸದ್ದು ಕೇಳುತ್ತಿತ್ತು.

ಆ ಗಂಟಲ ಸದ್ದನ್ನು ಎರಡೂ ಕಡೆಯವರು ತಮ್ಮ ಪರವಾಗಿ ಬಳಸಿಕೊಳ್ಳಬಹುದು. ಕೂಗು ಒತ್ತಿಕೊಂಡು ಬಂದೇ ಬರುತ್ತದೆ ನೋಡಿ ಎನ್ನಬಹುದು. ಬಂದದ್ದನ್ನು ನುಂಗಿಕೊಂಡನಲ್ಲ, ಅದನ್ನು ನೋಡಿ ಎಂದೂ ಹೇಳಬಹುದು. ನಾನು ಎರಡನೆಯವರ ಪಕ್ಷ.

ಹಾವಿನ ಪ್ರಯೋಗಕ್ಕೆ ಬರೋಣ. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದೇ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಕ್ಯಾಥರೀನ್ ಕ್ರಾಕ್‌ಫೋರ್ಡ್ ಮತ್ತು ಜೊತೆಗಾರರು ಬುಡೊಂಗೊದಲ್ಲಿ ಚಿಂಪಾಂಜಿಗಳು ಓಡಾಡುವ ದಾರಿಯಲ್ಲಿ ಹಾವಿನ ಬೊಂಬೆ ಇಟ್ಟರು. ನಮ್ಮ ಕೊಳಕುಮಂಡಲದ ಬಳಗಕ್ಕೇ ಸೇರಿದ ಗಬೂನ್ ವೈಪರ್ ಥರದ ಹಾವುಗಳ ಬೊಂಬೆ. ಈ ಹಾವುಗಳು ಅಟ್ಟಿಸಿಕೊಂಡು ಬರುವುದಿಲ್ಲ. ಒಣಗಿದ ಎಲೆಗಳ ನಡುವೆ ಬಿದ್ದುಕೊಂಡಿರುತ್ತವೆ, ತುಳಿದರೆ ಕಥೆ ಮುಗಿಯಿತು. ಅಂದರೆ ನೋಡಿದವನಿಗೆ ಅಪಾಯ ಮುಗಿದ ಹಾಗೆ. ಅಪಾಯ ಇರುವುದು ಹಿಂದೆ ಬರುತ್ತಿರುವ, ಇನ್ನೂ ನೋಡದವನಿಗೆ. ಪ್ರಯೋಗಕ್ಕೆ ಈ ಹಾವನ್ನು ಆರಿಸಿಕೊಂಡದ್ದೇ ಅರ್ಧ ಜಾಣತನ.

ಹಾವನ್ನು ಕಂಡ ಚಿಂಪಾಂಜಿ ಮೆಲ್ಲಗೆ ‘ಹೂ’ ಎನ್ನುತ್ತದೆ. ಚೀರಾಟ ಏನಿಲ್ಲ. ಪ್ರಶ್ನೆ ಇಷ್ಟೇ: ಆ ‘ಹೂ’ ತನ್ನ ಹೆದರಿಕೆಯಿಂದ ಬಂದದ್ದೋ, ಇನ್ನೊಬ್ಬರಿಗೆ ಹೇಳಲು ಬಂದದ್ದೋ? 2012ರಲ್ಲಿ ಬಂದ ಉತ್ತರ ಹೀಗಿತ್ತು. ಹಾವನ್ನು ಆಗಲೇ ನೋಡಿದವರು ಅಥವಾ ಮೊದಲಿನ ಎಚ್ಚರಿಕೆ ಕೇಳಿಸುವಷ್ಟು ಹತ್ತಿರದಲ್ಲಿದ್ದವರು ಪಕ್ಕದಲ್ಲಿದ್ದರೆ ಕೂಗುವುದು ಕಡಿಮೆ. ಏನೂ ಗೊತ್ತಿಲ್ಲದವರು ಬಂದರೆ ಕೂಗುವುದು ಜಾಸ್ತಿ. ಹೆದರಿಕೆಯೇ ಕಾರಣವಾಗಿದ್ದರೆ ಪಕ್ಕದವನಿಗೆ ಏನು ಗೊತ್ತು ಎಂಬುದರಿಂದ ವ್ಯತ್ಯಾಸ ಆಗಬಾರದಿತ್ತು, ಅಲ್ವಾ?

ಇಲ್ಲಿ ಅನುಮಾನಪಡುವವರಿಗೂ ಜಾಗ ಇತ್ತು. ಹೊಸಬರು ಬಂದಾಗ ಅವರ ನಡೆಯೇ ಬೇರೆ ಇರುತ್ತದೆ. ಆರಾಮಾಗಿ, ಹುಷಾರಿಲ್ಲದೆ ಬರುತ್ತಾರೆ. ಅದನ್ನು ಕಂಡು ಕೂಗುತ್ತಿರಬಹುದು. ‘ಇವನಿಗೆ ಗೊತ್ತಿಲ್ಲ’ ಎಂದು ತಿಳಿಯಲೇಬೇಕೆಂದಿಲ್ಲ. ಸರಿಯಾದ ತಕರಾರು. ಅದೇ ತಂಡ ಇದಕ್ಕೆ 2017ರಲ್ಲಿ ಇನ್ನೊಂದು ಪ್ರಯೋಗದಿಂದ ಉತ್ತರಿಸಿತು. ಈ ಸಲ ಕೇಳುಗರು ಕಣ್ಣಿಗೇ ಬೀಳಲಿಲ್ಲ. ಚಿಂಪಾಂಜಿ ಹಾವಿನ ಹತ್ತಿರ ಬರುವ ಮೊದಲು, ಪೊದೆಯೊಳಗೆ ಅಡಗಿಸಿಟ್ಟ ಸ್ಪೀಕರ್‌ನಿಂದ ಅದರ ಗುಂಪಿನವರೇ ಒಬ್ಬರ ದನಿ ಕೇಳಿಸಿದರು. ಕೆಲವು ಸಲ ವಿಶ್ರಾಂತಿಯಲ್ಲಿರುವಾಗ ಮಾಡುವ ‘ಹೂ’. ಕೆಲವು ಸಲ ಎಚ್ಚರಿಕೆಯ ‘ಹೂ’. ಮೊದಲನೆಯದು ಕೇಳಿದರೆ ಆ ಕಡೆ ಇರುವವನಿಗೆ ಹಾವಿನ ಸುದ್ದಿ ಗೊತ್ತಿಲ್ಲ ಎಂದರ್ಥ. ಎರಡನೆಯದು ಕೇಳಿದರೆ ಗೊತ್ತಿದೆ. ಆಮೇಲೆ ಹಾವು ಕಂಡಾಗ, ಗೊತ್ತಿಲ್ಲದವನಿದ್ದಾನೆ ಎಂದುಕೊಂಡ ಚಿಂಪಾಂಜಿಗಳು ಹೆಚ್ಚು ಕೂಗಿದವು. ಕೂಗುವುದಷ್ಟೇ ಅಲ್ಲ, ಹಾವು ಎಲ್ಲಿದೆ ಎಂದು ಬರುವವರಿಗೆ ತಿಳಿಯುವ ಹಾಗೆ ಹಾವಿನ ಕಡೆಗೂ ದನಿ ಬಂದ ಕಡೆಗೂ ನೋಡಿದವು.

ಇಷ್ಟರಿಂದ ‘ಚಿಂಪಾಂಜಿಗೆ ಇನ್ನೊಬ್ಬರ ಮನಸ್ಸು ಓದಲು ಬರುತ್ತದೆ’ ಎಂದು ಡಂಗುರ ಸಾರಲು ನಾನು ತಯಾರಿಲ್ಲ. ‘ಎಚ್ಚರಿಕೆ ಕೇಳಿಸದ ಕಡೆಗೆ ಎಚ್ಚರಿಕೆ ಕೊಡು’ ಎಂಬ ಸಣ್ಣ ಸೂತ್ರದಿಂದಲೂ ಇದೇ ನಡೆ ಬರಬಹುದು. ಆದರೆ ಮನುಷ್ಯರು ದಿನವೂ ಆಡುವ ಮಾತುಗಳಲ್ಲಿ ಎಷ್ಟು ಪಾಲು ಇಂಥ ಸಣ್ಣ ಸೂತ್ರದ ಮೇಲೆ ನಡೆಯುತ್ತದೆ ಎಂದು ಯಾರಾದರೂ ಅಳೆದರೆ, ನಮ್ಮ ಜಂಬವೂ ಕೊಂಚ ಇಳಿಯಬಹುದು.

‘ಮನಸ್ಸಿನ ಅರಿವು’, ಅಂದರೆ ಇನ್ನೊಬ್ಬರಿಗೆ ಏನು ಗೊತ್ತು, ಏನು ಬೇಕು ಎಂದು ಊಹಿಸುವ ಶಕ್ತಿ, ಚಿಂಪಾಂಜಿಗಿದೆಯೇ ಎಂಬ ಪ್ರಶ್ನೆಯನ್ನು 1978ರಲ್ಲಿ ಪ್ರೇಮಾಕ್ ಮತ್ತು ವುಡ್ರಫ್ ಎಂಬ ಮನಶ್ಶಾಸ್ತ್ರಜ್ಞರು ಎತ್ತಿದಾಗಿನಿಂದ ಜಗಳ ನಡೆದೇ ಇದೆ. ಹೆಚ್ಚಿನ ಜಗಳ ಪ್ರಯೋಗಾಲಯದ್ದು. ಗಾಜಿನ ಆಚೆ ನಿಂತ ಮನುಷ್ಯ, ಈಚೆ ಹಣ್ಣಿಗಾಗಿ ಕಾದಿರುವ ವಾನರ. ಅಲ್ಲಿ ಎಲ್ಲವನ್ನೂ ಅಂಕೆಯಲ್ಲಿಡಬಹುದು, ನಿಜ. ಆದರೆ ಅಲ್ಲಿ ಕೇಳುಗ ಅಂದರೆ ಬಿಳಿ ಕೋಟಿನ ಅಪರಿಚಿತ. ಕಾಡಿನಲ್ಲಿ ಕೇಳುಗ ಅಂದರೆ ತಾಯಿ, ಗೆಳೆಯ, ನಿನ್ನೆ ಕಚ್ಚಿದವನು, ನಾಳೆ ಯಜಮಾನನಾಗಬಹುದಾದವನು. ತಪ್ಪು ಕೇಳುಗನ ಮುಂದೆ ತಪ್ಪು ಸದ್ದು ಮಾಡಿದರೆ ನಿಜವಾದ ನಷ್ಟ ಇದೆ.

ಹಾಗಾಗಿಯೇ ಕಾಡಿನ ಅಧ್ಯಯನಗಳಲ್ಲಿ ಮೌನ ಇಷ್ಟು ಸಲ ಎದುರಾಗುತ್ತದೆ. ಬುಡೊಂಗೊದ ಹೆಣ್ಣು ಚಿಂಪಾಂಜಿಗಳು ಗಂಡಿನ ಜೊತೆ ಕೂಡುವಾಗ ಒಂದು ಬಗೆಯ ಕೂಗು ಹಾಕುತ್ತವೆ. ಮೇಲಿನ ಸ್ಥಾನದ ಹೆಣ್ಣುಗಳು ಹತ್ತಿರದಲ್ಲಿದ್ದರೆ ಆ ಕೂಗು ನಿಲ್ಲುತ್ತದೆ ಎಂದು 2008ರಲ್ಲಿ ಕಂಡುಬಂತು. ದೊಡ್ಡವರನ್ನು ಕಂಡಾಗ ಚಿಕ್ಕವರು ಹೂಂಕರಿಸಿ ನಮಸ್ಕಾರ ಹೇಳುವ ಪದ್ಧತಿಯೂ ಇದೆ. ಎದುರಿಗಿರುವ ಗಂಡಿಗೆ ಹೆಣ್ಣು ಹೀಗೆ ನಮಸ್ಕರಿಸಬೇಕು. ಆದರೆ ಗುಂಪಿನ ಯಜಮಾನನೇ ಅಲ್ಲಿದ್ದರೆ ಬೇರೆ ಗಂಡಿಗೆ ನಮಸ್ಕರಿಸುವುದು ಕಡಿಮೆಯಾಗುತ್ತದೆ. ಯಜಮಾನನ ಎದುರು ಇನ್ನೊಬ್ಬನಿಗೆ ಕೈ ಮುಗಿಯಲು ಯಾರಿಗಾದರೂ ಮುಜುಗರವೇ.

ಗಡಿಯಲ್ಲಿ ಮೌನ ಇನ್ನೂ ಗಟ್ಟಿ. ಗಂಡು ಚಿಂಪಾಂಜಿಗಳು ಪಕ್ಕದ ಗುಂಪಿನ ಗಡಿಗೆ ಗಸ್ತು ಹೋಗುವಾಗ ಸಾಲಾಗಿ, ಸದ್ದಿಲ್ಲದೆ ನಡೆಯುತ್ತವೆ. ಬೇರೆ ದಿನಗಳಲ್ಲಿ ಕಾಡೆಲ್ಲ ಕೇಳುವಂತೆ ಅರಚುವ ಅದೇ ಗಂಡುಗಳು. ಉಗಾಂಡಾದ ಕಿಬಾಲೆ ಕಾಡಿನ ಕನ್ಯವಾರಾ ಗುಂಪಿಗೆ ಅಪರಿಚಿತ ಗಂಡೊಂದರ ಕೂಗನ್ನು ಸ್ಪೀಕರ್‌ನಲ್ಲಿ ಕೇಳಿಸಿದಾಗ ಏನಾಯಿತು ಎಂದು ಮೈಕಲ್ ವಿಲ್ಸನ್ ಮತ್ತು ಜೊತೆಗಾರರು 2001ರಲ್ಲಿ ಬರೆದರು. ಮೂರು ಅಥವಾ ಅದಕ್ಕಿಂತ ಹೆಚ್ಚು ಗಂಡುಗಳಿದ್ದರೆ ಒಟ್ಟಾಗಿ ಕೂಗಿ, ದನಿ ಬಂದ ಕಡೆ ನುಗ್ಗಿದವು. ಅದಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಬಾಯಿ ಮುಚ್ಚಿಕೊಂಡವು. ಆ ಕಡೆ ಒಬ್ಬ, ಈ ಕಡೆ ಎಷ್ಟು ಜನ? ಲೆಕ್ಕ ಹಾಕಿ ಆಮೇಲೆ ಬಾಯಿ ತೆರೆಯುವುದು.

ಮರದ ಬೇರುಗಳ ಮೇಲೆ ಡೋಲು ಬಾರಿಸುವುದರಲ್ಲೂ ಇದೇ ಆಟ. ಬುಡೊಂಗೊದ ವೈಬೀರಾ ಗುಂಪಿನ ಗಂಡುಗಳು ಪ್ರಯಾಣ ಮಾಡುವಾಗ ಒಬ್ಬೊಬ್ಬರೂ ತಮ್ಮದೇ ತಾಳದಲ್ಲಿ ಬಾರಿಸುತ್ತವೆ. ದೂರದವರಿಗೆ ಇದು ಯಾರು ಎಂದು ಗುರುತು ಸಿಗುವಂತಿರುತ್ತದೆ. ಆದರೆ ಆರ್ಭಟ ತೋರಿಸಲು ಬಾರಿಸುವಾಗ ಆ ಗುರುತು ಇರುವುದಿಲ್ಲ. ಹೆಸರು ಹೇಳಬೇಕಾದಾಗ ಹೇಳುವುದು, ಬೇಡವಾದಾಗ ಬಿಡುವುದು.

ಒರಾಂಗುಟಾನ್ ಕಥೆ ಬೇರೆ. ಅದು ಗುಂಪಿನಲ್ಲಿ ಬಾಳುವ ಪ್ರಾಣಿಯಲ್ಲ. ತಾಯಿ, ಮಗು, ಸುತ್ತ ಮರ, ಅಷ್ಟೇ. ಹಾಗಿದ್ದರೆ ಕೇಳುಗರ ಲೆಕ್ಕ ಅದಕ್ಕೆ ಬೇಡವೇ? ಆಡ್ರಿಯಾನೊ ಲಮೇರಾ ಮತ್ತು ಜೋಸೆಪ್ ಕಾಲ್ ಸುಮಾತ್ರಾದಲ್ಲಿ ಮಾಡಿದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಹುಲಿಪಟ್ಟೆಯ ಬಟ್ಟೆ ಹೊದ್ದ ಮನುಷ್ಯನೊಬ್ಬ ನಾಲ್ಕು ಕಾಲಿನಲ್ಲಿ ಕಾಡಿನ ನೆಲದ ಮೇಲೆ ತೆವಳಿಕೊಂಡು ಹೋಗುತ್ತಾನೆ. (ವಿಜ್ಞಾನಕ್ಕಾಗಿ ಜನ ಏನೇನು ಮಾಡುತ್ತಾರೆ ನೋಡಿ.) ಮೇಲೆ ಮರದಲ್ಲಿರುವ ತಾಯಿ ಕೆಳಗೆ ನೋಡುತ್ತಾಳೆ. ಮಾಡುತ್ತಿದ್ದ ಕೆಲಸ ನಿಲ್ಲಿಸುತ್ತಾಳೆ. ಮಗುವನ್ನು ಬಾಚಿಕೊಂಡು ಸದ್ದಿಲ್ಲದೆ ಮೇಲಕ್ಕೆ ಏರುತ್ತಾಳೆ. ಕೂಗುವುದಿಲ್ಲ. ‘ಹುಲಿ’ ಹೊರಟುಹೋಗುತ್ತದೆ. ಆಮೇಲೂ ಕೂಗುವುದಿಲ್ಲ. ಸರಾಸರಿ 7 ನಿಮಿಷ, ಕೆಲವು ಸಲ 20 ನಿಮಿಷದವರೆಗೂ ಸುಮ್ಮನಿದ್ದು ಆಮೇಲೆ ಅಪಾಯದ ಕೂಗು ಶುರು ಮಾಡುತ್ತಾಳೆ.

ಯಾರಿಗಾಗಿ ಆ ಕೂಗು? ಹುಲಿ ಹೋಗಿ ಆಗಿದೆ. ಹುಲಿಗೆ ‘ನಿನ್ನನ್ನು ನೋಡಿದ್ದೇನೆ’ ಎಂದು ಹೇಳುವುದಕ್ಕಾಗಿದ್ದರೆ ಆಗಲೇ ಕೂಗಬೇಕಿತ್ತು. ಗಾಬರಿಯಿಂದ ಬಂದದ್ದಾಗಿದ್ದರೂ ಆಗಲೇ ಬರಬೇಕಿತ್ತು. ಹತ್ತಿರದಲ್ಲಿರುವ ಕೇಳುಗ ಎಂದರೆ ಎದೆಗೆ ಅಂಟಿಕೊಂಡ ಮಗು ಒಂದೇ. ಮಗು ಚಿಕ್ಕದಾದಷ್ಟೂ ತಾಯಿ ಕಾಯುವ ಹೊತ್ತು ಹೆಚ್ಚು. ಅಪಾಯ ಇರುವಾಗ ಕೂಗಿದರೆ ಹುಲಿಗೆ ಜಾಗ ಗೊತ್ತಾಗುತ್ತದೆ, ಕೂಗದೇ ಇದ್ದರೆ ಮಗುವಿಗೆ ಏನಾಯಿತೆಂದೇ ತಿಳಿಯುವುದಿಲ್ಲ. ಹುಲಿ ಹೋದ ಮೇಲೆ ‘ಈಗ ಹೋಯಿತಲ್ಲ, ಅದೇ ಅಪಾಯ’ ಎಂದು ಹೇಳಿಕೊಡುತ್ತಿದ್ದಾಳೆ ಎಂದು ಸಂಶೋಧಕರು ಓದಿಕೊಳ್ಳುತ್ತಾರೆ. ಕಣ್ಣ ಮುಂದೆ ಇಲ್ಲದ್ದರ ಬಗ್ಗೆ ಹೇಳುವುದು ಮನುಷ್ಯರ ಭಾಷೆಯ ದೊಡ್ಡ ಹೆಗ್ಗಳಿಕೆ ಎನ್ನುತ್ತಾರೆ. ಇಲ್ಲಿ ಅದರ ಒಂದು ಎಳೆ ಇದೆ. ಒಂದು ಎಳೆ ಎಂದಷ್ಟೇ ಹೇಳುತ್ತೇನೆ, ಜಾಸ್ತಿ ಎಳೆಯುವುದಿಲ್ಲ.

ಸುಮಾತ್ರಾದ್ದೇ ಇನ್ನೊಂದು ಸಂಗತಿ. ಸುವಾಕ್ ಎಂಬಲ್ಲಿ ದೊಡ್ಡ ಗಂಡು ಒರಾಂಗುಟಾನ್‌ಗಳು ಸಂಜೆ ಮಲಗುವ ಮೊದಲು ಒಂದು ದಿಕ್ಕಿಗೆ ಮುಖ ಮಾಡಿ ದೀರ್ಘವಾಗಿ ಕೂಗುತ್ತವೆ. ಮರುದಿನ ಹೊರಡುವುದು ಹೆಚ್ಚುಕಡಿಮೆ ಅದೇ ದಿಕ್ಕಿಗೆ. ಕಾರೆಲ್ ವಾನ್ ಶೈಕ್ ತಂಡ 15 ಗಂಡುಗಳ 200ಕ್ಕೂ ಹೆಚ್ಚು ಕೂಗುಗಳನ್ನು ಹಿಂಬಾಲಿಸಿ 2013ರಲ್ಲಿ ಇದನ್ನು ತೋರಿಸಿತು. ದೂರದಲ್ಲೆಲ್ಲೋ ಇರುವ ಹೆಣ್ಣುಗಳಿಗೆ ನಾಳೆಯ ದಾರಿ ಇವತ್ತೇ ಗೊತ್ತಾಗುತ್ತದೆ. ಕಣ್ಣಿಗೆ ಬೀಳದ ಕೇಳುಗರಿಗೂ ಕೂಗಬಹುದು ಎಂದಾಯಿತು.

ಸನ್ನೆಗಳ ವಿಷಯ ಇನ್ನೂ ನೇರ. ಸನ್ನೆ ಮಾಡುವವನು ಎದುರಿನವನು ನೋಡುತ್ತಿದ್ದಾನೋ ಇಲ್ಲವೋ ಎಂದು ಗಮನಿಸುತ್ತಾನೆ, ಮಾಡಿ ಕಾಯುತ್ತಾನೆ, ಕೆಲಸ ಆಗದಿದ್ದರೆ ಮತ್ತೆ ಮಾಡುತ್ತಾನೆ. ಆದ ಕೂಡಲೇ ನಿಲ್ಲಿಸುತ್ತಾನೆ. ಯಾವಾಗ ನಿಲ್ಲಿಸಿದ ಎಂಬುದರಿಂದಲೇ ಏನು ಬೇಕಿತ್ತು ಎಂದು ಗೊತ್ತಾಗುತ್ತದೆ. ಕ್ಯಾಥರೀನ್ ಹೊಬೈಟರ್ ಮತ್ತು ರಿಚರ್ಡ್ ಬೈರ್ನ್ ಇದೇ ಉಪಾಯದಿಂದ ಬುಡೊಂಗೊ ಚಿಂಪಾಂಜಿಗಳ 36 ಸನ್ನೆಗಳಿಗೆ 19 ಅರ್ಥಗಳನ್ನು ಗುರುತಿಸಿ 2014ರಲ್ಲಿ ಪ್ರಕಟಿಸಿದರು. ತಾಯಿ ಹೊರಡುವಾಗ ಅಂಗಾಲನ್ನು ಹಿಂದಕ್ಕೆ ತೋರಿಸಿದರೆ ಮಗು ಬೆನ್ನೇರಬೇಕು. ಜೋರಾಗಿ, ಉದ್ದುದ್ದ ಮೈ ಕೆರೆದುಕೊಂಡರೆ ‘ಬಾ, ಮೈ ಹೆಕ್ಕೋಣ’ ಎಂದು, ಅಂದರೆ ಕೂದಲಿನ ನಡುವಿನ ಹೇನು, ಕೊಳೆ ತೆಗೆಯೋಣ ಎಂದು. ಕಿಬಾಲೆಯ ನ್ಗೋಗೊ ಗುಂಪಿನಲ್ಲಿ ಇದು ಇನ್ನೂ ಚುರುಕು. ಒಬ್ಬ ತನ್ನ ಮೈಮೇಲೆ ಒಂದು ಜಾಗವನ್ನು ಕೆರೆದು ತೋರಿಸಿದರೆ, ಹೆಕ್ಕುತ್ತಿರುವವನು ಹೆಚ್ಚಿನ ಸಲ ಅದೇ ಜಾಗಕ್ಕೆ ಕೈ ಹಾಕುತ್ತಾನೆ.

2024ರಲ್ಲಿ ಹೊಬೈಟರ್ ಅವರ ತಂಡ ಪೂರ್ವ ಆಫ್ರಿಕಾದ ಐದು ಗುಂಪುಗಳ 252 ಚಿಂಪಾಂಜಿಗಳ 8,500ಕ್ಕೂ ಹೆಚ್ಚು ಸನ್ನೆಗಳನ್ನು ನೋಡಿತು. ಸನ್ನೆಗೆ ಸನ್ನೆಯಲ್ಲೇ ಉತ್ತರ ಬರುವುದು ಅಪರೂಪ, ಸುಮಾರು 14 ಶೇಕಡಾ. ಹೆಚ್ಚಿನ ಸಲ ಹೇಳಿದ್ದನ್ನು ಮಾಡಿಬಿಟ್ಟರೆ ಆಯಿತಲ್ಲ. ಆದರೆ ಉತ್ತರ ಬಂದಾಗ ನಡುವಿನ ಬಿಡುವು ಸರಾಸರಿ 120 ಮಿಲಿಸೆಕೆಂಡ್. ಮನುಷ್ಯರ ಸಂಭಾಷಣೆಯಲ್ಲಿ ಅದು ಸುಮಾರು 200. ಎಲ್ಲ ಗುಂಪುಗಳೂ ಒಂದೇ ವೇಗದವಲ್ಲ. ಬುಡೊಂಗೊದ ಸೊನ್ಸೊ ಗುಂಪಿನವರು ಉಳಿದವರಿಗಿಂತ ನಿಧಾನ. ಕಾರಣ ಗೊತ್ತಾಗದಿದ್ದರೂ ನನಗೆ ಅವರ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿ.

ಕೂಗುಗಳನ್ನು ಜೋಡಿಸುವ ವಿಷಯವೂ ಇದೆ, ಈಗ ಹೆಚ್ಚು ಸುದ್ದಿಯಾಗುತ್ತಿರುವುದು ಅದೇ. ಐವರಿ ಕೋಸ್ಟ್‌ನ ಟಾಯ್ ಕಾಡಿನ ಚಿಂಪಾಂಜಿಗಳಲ್ಲಿ 12 ಬಗೆಯ ಕೂಗುಗಳಿಂದ ಕಟ್ಟಿದ 390 ಸರಣಿಗಳು ಸಿಕ್ಕಿವೆ. ಚಿಂಪಾಂಜಿಗಳ ಹತ್ತಿರದ ಬಂಧುಗಳಾದ, ಕಾಂಗೋದ ಕೊಕೊಲೊಪೊರಿಯ ಬೊನೊಬೊಗಳ 700 ರೆಕಾರ್ಡಿಂಗ್‌ಗಳನ್ನು ನೋಡಿದ 2025ರ ಅಧ್ಯಯನ, ಎರಡು ಕೂಗು ಸೇರಿದಾಗ ಒಂದು ಇನ್ನೊಂದರ ಅರ್ಥವನ್ನು ತಿದ್ದುವ ಜೋಡಣೆಗಳನ್ನೂ ಕಂಡಿತು. ದೊಡ್ಡ ಕೆಲಸ, ಅನುಮಾನವಿಲ್ಲ. ಆದರೆ ಆ ಜೋಡಣೆಯನ್ನು ಯಾರು ಕೇಳಿ ಏನು ಮಾಡಿದರು ಎಂಬುದು ಬರುವವರೆಗೆ ನನ್ನ ಕುತೂಹಲ ಅರ್ಧದಲ್ಲೇ ನಿಲ್ಲುತ್ತದೆ.

ಕೇಳುವವರ ಜಾಣತನದ್ದೂ ಒಂದು ಉದಾಹರಣೆ ಹೇಳಿಬಿಡುತ್ತೇನೆ. ಬುಡೊಂಗೊದಲ್ಲಿ ಒಂದು ಚಿಂಪಾಂಜಿ ಇನ್ನೊಂದರ ಜೊತೆ ಜಗಳ ಆಡಿದ ಮೇಲೆ, ಆ ಎದುರಾಳಿಯ ಆಪ್ತನ ಕೋಪದ ಕೂಗನ್ನು ಸ್ಪೀಕರ್‌ನಿಂದ ಕೇಳಿಸಿದರು. ಜಗಳಕ್ಕೂ ಆ ಆಪ್ತನಿಗೂ ಸಂಬಂಧವೇ ಇರಲಿಲ್ಲ. ಆದರೂ ಕೇಳಿದ ಚಿಂಪಾಂಜಿ ಹುಷಾರಾಯಿತು, ಆ ಆಪ್ತನಿಂದ ದೂರ ಉಳಿಯಿತು. ಅವನು ಇವನ ಕಡೆಯವನು ಎಂಬುದು ತಲೆಯಲ್ಲಿತ್ತು. ಇಷ್ಟು ನಕ್ಷೆ ಇಟ್ಟುಕೊಂಡ ಕೇಳುಗರ ನಡುವೆ ಬಾಳುವವನಿಗೆ ಯೋಚಿಸದೆ ಕೂಗುವುದು ದುಬಾರಿ.

ಈ ಎಲ್ಲ ಕಥೆಗಳಲ್ಲೂ ಕೂಗಿಗೆ ಒಂದು ಲಾಭ ಇದೆ. ನೆರವು, ಹಣ್ಣು, ಜೀವ. ಲಾಭವೇ ಇಲ್ಲದೆ ‘ಇಲ್ಲಿ ನೋಡು’ ಎಂದು ತೋರಿಸುವುದು ಮನುಷ್ಯರಿಗೆ ಮಾತ್ರ ಎಂದು ಹೇಳುವವರಿದ್ದಾರೆ. ನ್ಗೋಗೊದಲ್ಲಿ ಫಿಯೋನಾ ಎಂಬ ಹೆಣ್ಣು ಚಿಂಪಾಂಜಿ ಒಂದು ಎಲೆಯನ್ನು ಹಿಡಿದು ಹೆಕ್ಕುತ್ತಾ ಕೂತಿತ್ತು. ಚಿಂಪಾಂಜಿಗಳು ಆಗಾಗ ಹೀಗೆ ಮಾಡುತ್ತವೆ. ಪಕ್ಕದಲ್ಲಿ ತಾಯಿ ಸದರ್ಲ್ಯಾಂಡ್. ಫಿಯೋನಾ ಆ ಎಲೆಯನ್ನು ತಾಯಿಯ ಮುಖದ ಮುಂದೆ ಹಿಡಿಯಿತು. ತಾಯಿ ಗಮನಿಸಲಿಲ್ಲ. ಮತ್ತೆ ಹಿಡಿಯಿತು. ತಾಯಿ ಬಗ್ಗಿ ನೋಡಿದ ಮೇಲೆ ಎಲೆಯನ್ನು ಹಿಂದಕ್ಕೆ ತೆಗೆದುಕೊಂಡು ತನ್ನ ಕೆಲಸ ಮುಂದುವರಿಸಿತು. ತಿನ್ನಲು ಕೊಡಲಿಲ್ಲ, ಆಟಕ್ಕೆ ಕರೆಯಲಿಲ್ಲ. ನೋಡಿದರೆ ಸಾಕಿತ್ತು ಎನ್ನುವ ಹಾಗಿತ್ತು. ಸಂಶೋಧಕರು ಇಂಥ ಬೇರೆ ಹತ್ತಾರು ಎಲೆ ಹೆಕ್ಕುವ ದೃಶ್ಯಗಳನ್ನು ನೋಡಿ, ಊಟಕ್ಕಾಗಿ, ಆಟಕ್ಕಾಗಿ ಎಂಬ ಬೇರೆ ವಿವರಣೆಗಳನ್ನು ಒಂದೊಂದಾಗಿ ತಳ್ಳಿಹಾಕಿದರು. ಒಂದೇ ಒಂದು ವಿಡಿಯೊ ಎಂದು ಟೀಕಿಸುವವರು ಹೇಳುವುದು ನ್ಯಾಯವೇ. ಆದರೂ ಎರಡನೇ ಸಲ ಎಲೆ ಹಿಡಿಯಿತಲ್ಲ, ಅಲ್ಲಿ ನಾನು ಸೋತೆ.

ಕಾಡಿನಲ್ಲಿ ಇದನ್ನೆಲ್ಲ ನೋಡುವುದಕ್ಕೆ ಒಂದು ಬೆಲೆ ಇದೆ, ಅದನ್ನು ವಾನರಗಳೂ ತೆತ್ತಿವೆ. ಮನುಷ್ಯರ ಹಾಜರಿಗೆ ಅವು ಒಗ್ಗಿಕೊಳ್ಳಲು ವರ್ಷಗಳು ಬೇಕು. ಒಗ್ಗಿದ ಮೇಲೆ ನಮ್ಮ ನೆಗಡಿ ಅವಕ್ಕೆ ಅಂಟುತ್ತದೆ. ಟಾಯ್ ಕಾಡಿನಲ್ಲಿ ಹೀಗೆ ಮನುಷ್ಯರ ಉಸಿರಾಟದ ವೈರಸ್‌ಗಳಿಂದ ಚಿಂಪಾಂಜಿಗಳು ಸತ್ತದ್ದು 2008ರಲ್ಲಿ ಖಚಿತವಾಯಿತು. ಈಗ ಸಂಶೋಧಕರು ಮಾಸ್ಕ್ ಹಾಕಿಕೊಂಡು, ದೂರ ನಿಂತು ನೋಡುತ್ತಾರೆ. ಇನ್ನೊಂದು ಕಡೆ, 144 ಚಿಂಪಾಂಜಿ ಗುಂಪುಗಳಲ್ಲಿ, ಗುಂಪಿನಿಂದ ಗುಂಪಿಗೆ ಬೇರೆಯಾಗುವ 31 ನಡವಳಿಕೆಗಳನ್ನು ನೋಡಿದ 2019ರ ಅಧ್ಯಯನದ ಪ್ರಕಾರ, ಮನುಷ್ಯರ ಹಾವಳಿ ಅತಿ ಹೆಚ್ಚಿರುವ ಕಡೆ ಅಂಥ ನಡವಳಿಕೆ ಕಾಣಿಸುವ ಸಾಧ್ಯತೆಯೇ 88 ಶೇಕಡಾ ಕಡಿಮೆ. ಇದು ಸಣ್ಣ ವಿಷಯವಲ್ಲ. ಎಲೆಯನ್ನು ಹಲ್ಲಿನಿಂದ ಚರಚರ ಹರಿಯುವುದಕ್ಕೆ ತಾಂಜಾನಿಯಾದ ಮಹಾಲೆಯಲ್ಲಿ ಒಂದು ಬಳಕೆ, ಹೆಣ್ಣನ್ನು ಕರೆಯಲು. ಟಾಯ್‌ನಲ್ಲಿ ಡೋಲು ಬಾರಿಸುವ ಮೊದಲು ಹರಿಯುತ್ತವೆ. ಗಿನಿಯ ಬೊಸ್ಸುವಿನಲ್ಲಿ ಆಟಕ್ಕೆ. ಒಂದು ಗುಂಪು ಅಳಿದರೆ ಆ ಸನ್ನೆಯನ್ನು ಆ ಅರ್ಥದಲ್ಲಿ ಓದಬಲ್ಲವರೂ ಹೋಗುತ್ತಾರೆ.

ಹಾವಿನ ವಿಷಯದಲ್ಲಿ ಹೇಳದೇ ಬಿಟ್ಟದ್ದು ಒಂದಿದೆ. 2013ರಲ್ಲಿ ಬುಡೊಂಗೊದಲ್ಲೇ ಹೆಬ್ಬಾವಿನ ಬೊಂಬೆ ಇಟ್ಟು ನೋಡಿದಾಗ, ಕೂಗಿನ ಮೇಲೆ ಪರಿಣಾಮ ಮಾಡಿದ್ದು ಬಂದವರು ಗೆಳೆಯರೋ ಅಲ್ಲವೋ ಎಂಬುದು. ಗೆಳೆಯ ಬಂದಾಗ ಎಚ್ಚರಿಕೆಯ ಕೂಗು ಹೆಚ್ಚು. ಗೆಳೆಯನಲ್ಲದವನು ಬಂದಾಗ ಕಡಿಮೆ. ಈ ‘ಕಡಿಮೆ’ಯೇ ನನ್ನನ್ನು ಕಾಡುವುದು. ಅವನಿಗೆ ಹೇಳುವ ಯೋಚನೆಯೇ ಬರಲಿಲ್ಲವೋ, ಬಂದರೂ ಬೇಡ ಅಂದುಕೊಂಡು ಸುಮ್ನಿತ್ತೋ? ಕೂಗನ್ನು ರೆಕಾರ್ಡ್ ಮಾಡಬಹುದು, ಎಷ್ಟು ಹೊತ್ತು, ಎಷ್ಟು ಜೋರು ಎಂದು ಅಳೆಯಬಹುದು. ಈ ಎರಡು ಮೌನಗಳು ರೆಕಾರ್ಡರ್‌ನಲ್ಲಿ ಒಂದೇ ಥರ ಕೇಳಿಸುತ್ತವೆ. ಅವನ್ನು ಬೇರೆ ಮಾಡುವ ಪ್ರಯೋಗವನ್ನು ಯಾರಾದರೂ ಹೂಡಿದರೆ ನಾನು ಮೊದಲು ಓದುವುದು ಅದನ್ನೇ.